ಹನ್ನೊಂದನೇ ನಂಬರು

ನಾರಾಯಣ ಪೇಟೆಯ ಈ ಮೂರನೇ ಮಹಡಿಗೆ
ಮುಖಗಳು ಬರುವುದಿಲ್ಲ, ದವಡೆಗಳು ಬರುತ್ತವೆ,
ಪ್ಲಾಸ್ಟರಿನವು, ರಬ್ಬರ್ ಬ್ಯಾಂಡು ಸುತ್ತಿಕೊಂಡು,
ಜೊತೆಗೊಂದು ಚೀಟಿ.
ಯಾರು ಅಡಕೆ ಕಡಿದರು, ಯಾರು ಸ್ಕೂಟರಿನಿಂದ ಬಿದ್ದರು,
ಯಾರು ರಾತ್ರಿಯಿಡೀ ನಿದ್ದೆಯಲ್ಲೇ ಹಲ್ಲು ಮಸೆದರು,
ಚೀಟಿ ಹೇಳದ್ದನ್ನು ದವಡೆ ಹೇಳುತ್ತದೆ.

ಈ ಚೀಟಿಯಲ್ಲಿ: ಸುದಾಮ ವಾಜಂತ್ರಿ, ಐವತ್ತೆಂಟು.
ಮೇಲ್ದವಡೆ, ಹನ್ನೊಂದನೇ ನಂಬರು. ಜಿರ್ಕೋನಿಯಾ.
ಬಣ್ಣ ಎ-ಮೂರೂವರೆ.
ನಮ್ಮ ಪಟ್ಟಿಯಲ್ಲಿ ಬಿಳಿಗೆ ಹದಿನಾರು ಜಾತಿ.
ಇದು ಚಹಾ ಕುಡಿದ ಬಿಳಿ,
ತಂಬಾಕು ಬಿಟ್ಟೆನೆಂದು ಹೆಂಡತಿಗೆ ಸುಳ್ಳು ಹೇಳುವ ಬಿಳಿ.

ಜಿರ್ಕೋನಿಯಾ ಮೊದಲು ಬರೀ ಸೀಮೆಸುಣ್ಣ,
ಉಗುರು ತಾಗಿದರೂ ಗೀರು.
ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಕೊರೆಯಬೇಕು,
ಬೆಳೆಯುವ ಮಗುವಿಗೆ ಅಂಗಿ ಹೊಲಿಸಿದ ಹಾಗೆ;
ಆದರೆ ಇಲ್ಲಿ ಮಗು ಬೆಳೆಯುವುದಿಲ್ಲ, ಅಂಗಿಯೇ ಕುಗ್ಗುತ್ತದೆ.
ಒಂದೂವರೆ ಸಾವಿರ ಡಿಗ್ರಿಯ ಒಲೆಯಲ್ಲಿ
ಅಳತೆಯ ಐದರಲ್ಲೊಂದು ಪಾಲು ತಾನೇ ನುಂಗಿಕೊಂಡು
ಬೆಳಿಗ್ಗೆ ಹೊರಬಂದರೆ, ಇನ್ನು ಯಾರ ಮಾತೂ ಕೇಳದು.

ಒಳ್ಳೆಯ ಹಲ್ಲಾಗಿತ್ತು. ನಾನೇ ಹೇಳಬಾರದು.
ಪಕ್ಕದ ಹಲ್ಲಿನ ಜೊತೆ ನಿಂತರೆ ಅಣ್ಣತಮ್ಮ.
ತಾತ್ಕಾಲಿಕ ಅಂಟಿನಲ್ಲಿ ಕೂತು ಹೋದದ್ದು
ಹತ್ತು ದಿನಕ್ಕೆ ವಾಪಸು ಬಂತು.
ಡಾಕ್ಟರ ಷರಾ, ಮರಾಠಿಯಲ್ಲಿ, ಸಿಟ್ಟಿನಲ್ಲಿ:
ಹಲ್ಲು ಸರಿಯಿದೆ. ಪೇಶಂಟಿಗೆ ಸ್ವರ ಸರಿಯಿಲ್ಲವಂತೆ.

ಮರುದಿನ ಅವರೇ ಮೆಟ್ಟಿಲು ಹತ್ತಿ ಬಂದರು.
ಕೆಂಪು ಕೋಟು, ಹೆಗಲಿಗೆ ಜರಿಗೊಂಡೆ,
ಯಾವುದೋ ಮದುವೆಯಿಂದ ನೇರ.
ನಾನು ಎರಡು ಮಾತಾಡುವಷ್ಟರಲ್ಲಿ ನಕ್ಕರು, ನಗುವಿನಲ್ಲೊಂದು ಕಿಟಕಿ ತೆರೆದಿತ್ತು:
"ಜತ್ತದ ಕಡೀಯವ್ರೇನ್ರಿ ಅಕ್ಕಾರ?
ನಿಮ್ಮ ಮರಾಠಿ ಕನ್ನಡ ಮಾತಾಡತೈತಿ."

ವರನ ಸೋದರಮಾವ ಕುಡಿದು ಕುಣಿಯುತ್ತ ಬಂದು
ಕ್ಲಾರಿನೆಟ್ಟಿಗೆ ಗುದ್ದಿದ್ದನಂತೆ.
"ಅಂವಾ ಐದನೂರು ಕೊಟ್ಟು ಕೈ ಮುಗದಾ. ಹೋಗ್ಲಿ.
ನಿಮ್ಮ ಹಲ್ಲ ಚೊಲೋ ಐತ್ರಿ,
ಆದ್ರ ಪೀಪಿ ಅದನ್ನ ಒಲ್ಲೆ ಅಂತೈತಿ."

ಕರವಸ್ತ್ರ ಬಿಚ್ಚಿದರು. ಒಳಗೆ
ಕ್ಲಾರಿನೆಟ್ಟಿನ ಕೊಕ್ಕು, ಕರಿ ಎಬೊನೈಟಿನದು,
ಅದರ ಬೆನ್ನ ಮೇಲೊಂದು ಗುಳಿ.
ಎಷ್ಟು ಮದುಮಗಂದಿರ ಕುದುರೆಯ ಮುಂದೆ,
ಎಷ್ಟು ಗಣಪತಿಗಳ ಹಿಂದೆ,
ಮೂವತ್ತೊಂದು ವರ್ಷ ಹಲ್ಲೂರಿದ ಜಾಗ.
ಹಲ್ಲು ಹೋಗಿತ್ತು.
ಅದು ಕೂರುತ್ತಿದ್ದ ಕುರ್ಚಿ ಉಳಿದಿತ್ತು.

ಮೇಣ ಒತ್ತಿ ಗುಳಿಯ ಅಚ್ಚು ತೆಗೆದೆ.
ಅಂಚು ಸವೆದ, ಎಡಕ್ಕೆ ಓರೆಯಾದ,
ಡಿಪ್ಲೊಮಾ ಪರೀಕ್ಷೆಯಲ್ಲಿ ಮಾಡಿಟ್ಟಿದ್ದರೆ
ಮೇಷ್ಟ್ರು ಎತ್ತಿ ಬಿಸಾಡುತ್ತಿದ್ದ ಹಲ್ಲು.
ಮತ್ತೆ ಕೊರೆದೆ, ಮತ್ತೆ ಬೇಯಿಸಿದೆ,
ಕೊನೆಗೆ ವಜ್ರದ ಬರ್ ಹಿಡಿದು
ಮೂವತ್ತೊಂದು ವರ್ಷದ ಸವೆತವನ್ನು
ನಾಲ್ಕು ನಿಮಿಷದಲ್ಲಿ ಸವೆಸಿದೆ.
ಸ್ವಲ್ಪ ನಾಚಿಕೆಯಾಯಿತು.

"ಇದು ಸವೆಯೋದಿಲ್ರಿ," ಅಂದೆ. "ಇನ್ನ ಗುಳಿನ ಆಳ ಆಗತೈತಿ."
"ಆಗ್ಲಿ ಬಿಡ್ರಿ. ಯಾರರೆ ಒಬ್ರು ಸವೀಬೇಕಲ್ಲ."

ತುಳಸಿ ಲಗ್ನ ಮುಗಿದ ವಾರ
ಲಕ್ಷ್ಮೀ ರಸ್ತೆಯಲ್ಲಿ ಬ್ಯಾಂಡೊಂದು ಹೋಯಿತು.
ಜನರೇಟರು, ಟ್ರಂಪೆಟ್ಟು, ಸಿಕ್ಕಿಬಿದ್ದ ಬಸ್ಸಿನ ಹಾರನ್ನು,
ಅದರೊಳಗೆಲ್ಲೋ ಕ್ಲಾರಿನೆಟ್ಟು.
ಅವರದೇ ಎಂದು ಹೇಳಲಾರೆ.
ಇಳಿದು ಹೋಗಿ ನೋಡಬಹುದಿತ್ತು;
ಒಲೆ ಇನ್ನೂ ಇನ್ನೂರು ಡಿಗ್ರಿಯಲ್ಲಿತ್ತು,
ಬಿಟ್ಟು ಹೋಗುವಂತಿರಲಿಲ್ಲ.

ಮೊದಲ ಹಲ್ಲು ನನ್ನ ಡ್ರಾವರಿನಲ್ಲಿದೆ,
ನುಣ್ಣಗೆ, ನೆಟ್ಟಗೆ, ಒಂದೂ ತಪ್ಪಿಲ್ಲದೆ.
ಅದಕ್ಕೆ ಬಾಯಿಲ್ಲ.